ಓಡುವ ಗಾಡಿಗೆ ಹೊಸ ಕೀಲು

ಹೊಸ ಮನೆಯನ್ನು ಕಟ್ಟಿಸುವುದು ಕಷ್ಟವೋ, ಇರುವ ಮನೆಯನ್ನು ದುರಸ್ತು ಮಾಡಿಸುವುದು ಕಷ್ಟವೋ ಎಂಬ ಪ್ರಶ್ನೆಗೆ, ಎರಡನ್ನೂ ಮಾಡಿಸಿ ಹಣ್ಣಾದ ಗೃಹಸ್ಥನೇ ಸರಿಯಾದ ಉತ್ತರವನ್ನು ಕೊಡಬಲ್ಲ. ಹೊಸ ಮನೆ ಏಳುತ್ತಿರುವಾಗ ಸಂಸಾರವು ಬೇರೆಲ್ಲಿಯೋ ನೆಮ್ಮದಿಯಾಗಿರುತ್ತದೆ. ಹಳೆಯ ಮನೆಯ ದುರಸ್ತಿಯಲ್ಲಾದರೋ, ಒಂದು ಕಡೆ ಗೋಡೆಯನ್ನು ಒಡೆಯುತ್ತಿರುವಾಗಲೇ ಮತ್ತೊಂದು ಕಡೆ ಸಾರಿಗೆ ಒಗ್ಗರಣೆ ಬೀಳಬೇಕು. ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೊರಡಬೇಕು. ನಲ್ಲಿಯ ಕೊಳವೆಯನ್ನು ಕಿತ್ತಿಟ್ಟ ದಿನವೇ ನೆಂಟರು ಬಂದು ಇಳಿಯುತ್ತಾರೆ. ಹೊಸದನ್ನು ಕೊಂಡು ತರುವುದಕ್ಕೆ ಹಣವಿದ್ದರೆ ಸಾಕು. ನಡೆಯುತ್ತಿರುವುದನ್ನು ನಿಲ್ಲಿಸದೆ, ಅದರೊಳಗಿನ ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವುದಕ್ಕೆ ಹಣದ ಜೊತೆಗೆ ತಾಳ್ಮೆಯೂ ಬೇಕು, ಕಣ್ಣಿನಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವರೂ ಬೇಕು. ಈ ಮಾತು ಮನೆಗೆ ಎಷ್ಟು ಸಲ್ಲುವುದೋ ಅದಕ್ಕಿಂತ ಹೆಚ್ಚಾಗಿ ರೈಲಿಗೆ ಸಲ್ಲುತ್ತದೆ.

ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿಯವರಿಗೆ ಇಂಥ ಬದಲಾವಣೆಗಳು ಹೊಸವಲ್ಲ. ಹೆಸರಿನಲ್ಲಿ ಮಾತ್ರ ಹಳ್ಳಿಯನ್ನು ಉಳಿಸಿಕೊಂಡಿರುವ ಊರು ಅದು. ಅಲ್ಲಿ ಕೆರೆಯಿದೆ, ಕಲಾಗ್ರಾಮವಿದೆ, ಅಂಬೇಡ್ಕರ್ ಅವರ ಹೆಸರಿನ ತಾಂತ್ರಿಕ ವಿದ್ಯಾಲಯವಿದೆ, ಮಗ್ಗುಲಿನಲ್ಲಿ ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವಿದೆ. ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಮೈಸೂರಿನ ರೈಲುದಾರಿ. ಅದರ ಮೇಲೆ ಜ್ಞಾನಭಾರತಿ ಎಂಬ ಚಿಕ್ಕ ನಿಲ್ದಾಣ. 2021ರ ಆಗಸ್ಟಿನಿಂದ ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಮೈಸೂರು ರಸ್ತೆಯಲ್ಲಿ ತಲೆಯೆತ್ತಿ ನಿಂತಿದೆ.

ಆ ರೈಲುದಾರಿ 1882ರ ಹೊತ್ತಿಗೆ ಮೈಸೂರನ್ನು ಮುಟ್ಟಿತು. ಆಗ ಅದು ಮೀಟರ್ ಗೇಜಿನ ಒಂಟಿ ಹಳಿ. ಅದರ ಮೇಲೆ ಹೊಗೆಯುಗುಳುವ ಎಂಜಿನು. ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1990ರ ದಶಕದಲ್ಲಿ, ಹಳಿ ಅಗಲವಾಯಿತು. ಅನಂತರ ಒಂಟಿಯಾಗಿದ್ದುದು ಜೋಡಿಯಾಯಿತು. ತಲೆಯ ಮೇಲೆ ವಿದ್ಯುತ್ತಿನ ತಂತಿ ಹರಿಯಿತು. 2022ರ ನವೆಂಬರ್ 11ರಂದು ಚೆನ್ನೈ ಮೈಸೂರುಗಳ ನಡುವಣ ವಂದೇ ಭಾರತ್ ಗಾಡಿಗೆ ಬೆಂಗಳೂರಿನಲ್ಲಿ ಹಸಿರು ನಿಶಾನೆ ತೋರಿದ ಮೇಲೆ, ಆ ಬಿಳಿಯ ಗಾಡಿಯೂ ಜ್ಞಾನಭಾರತಿಯ ಮುಂದೆ ನಿಲ್ಲದೆ ಹಾದುಹೋಗತೊಡಗಿತು. ಹಳಿ ಬದಲಾದುದು ಕಣ್ಣಿಗೆ ಕಂಡಿತು. ಎಂಜಿನು ಬದಲಾದುದು ಕಿವಿಗೆ ತಿಳಿಯಿತು. ಆದರೆ ಕಣ್ಣಿಗೂ ಕಿವಿಗೂ ಎಟುಕದ ಮೂರನೆಯ ಬದಲಾವಣೆಯೊಂದು ಉಂಟು. ಅದು ನಡೆಯುವುದು ನಿಲ್ದಾಣದ ಬೀಗ ಹಾಕಿದ ಕೊಠಡಿಯಲ್ಲಿ, ಎಂಜಿನಿನ ಒಳಗಿನ ಉಕ್ಕಿನ ಪೆಟ್ಟಿಗೆಯಲ್ಲಿ. ಪ್ರಯಾಣಿಕನ ಪ್ರಾಣ ಇಂದು ಹೆಚ್ಚಾಗಿ ನೆಚ್ಚಿಕೊಂಡಿರುವುದು ಆ ಪೆಟ್ಟಿಗೆಗಳನ್ನೇ.

ಮಲ್ಲತ್ತಹಳ್ಳಿಯ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ತಿರುಗಾಡುವ ಹಿರಿಯರಲ್ಲಿ, ರೈಲ್ವೆಯ ಸಿಗ್ನಲ್ ಇಲಾಖೆಯಿಂದ ನಿವೃತ್ತರಾದವರೊಬ್ಬರು ಇರುವರೆಂದು ಇಟ್ಟುಕೊಳ್ಳಬಹುದು. ಇಂಥ ಬಡಾವಣೆಗಳಲ್ಲಿ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಪತ್ರಿಕೆಯಲ್ಲಿ ‘ನಾನ್ ಇಂಟರ್‌ಲಾಕಿಂಗ್ ಕಾಮಗಾರಿಯ ಪ್ರಯುಕ್ತ ಈ ಕೆಳಕಂಡ ರೈಲುಗಳು ರದ್ದು’ ಎಂಬ ಪ್ರಕಟಣೆ ಬಂದ ದಿನ ಅವರಿಗೆ ಬಿಡುವಿರುವುದಿಲ್ಲ. ಮಗಳ ಮನೆಗೆಂದು ಚೀಟಿ ಕಾದಿರಿಸಿದವರೆಲ್ಲರೂ ಅವರನ್ನೇ ಮುತ್ತುತ್ತಾರೆ.

“ಏನು ಸ್ವಾಮಿ ಇದು? ಹೆಸರೇ ಬಾಯಲ್ಲಿ ಹೊರಳುವುದಿಲ್ಲ. ಕಂಪ್ಯೂಟರು ಬಂದ ಮೇಲೂ ವಾರಗಟ್ಟಲೆ ಗಾಡಿ ನಿಲ್ಲಿಸಬೇಕೆ? ಗುಂಡಿ ಒತ್ತಿದರೆ ಆಗಬೇಕಾದ ಕೆಲಸವಲ್ಲವೆ?”

ಹಿರಿಯರು ನಗುತ್ತಾರೆ. “ಗುಂಡಿ ಒತ್ತುವುದಕ್ಕೆ ಒಂದು ಗಳಿಗೆ ಸಾಕು. ಒತ್ತಬಹುದೇ ಎಂದು ತಿಳಿಯುವುದಕ್ಕೆ ವಾರ ಬೇಕು” ಎನ್ನುತ್ತಾರೆ. ಕೇಳಿದವರಿಗೆ ಇದು ಒಗಟಿನಂತೆ ತೋರುತ್ತದೆ. ಆದರೆ ಅದರಲ್ಲಿ ಒಗಟೇನೂ ಇಲ್ಲ.

ನಿಲ್ದಾಣದಲ್ಲಿ ಹಳಿಗಳು ಕವಲೊಡೆಯುವ ಕಡೆಗಳಲ್ಲಿ ಪಾಯಿಂಟುಗಳಿರುತ್ತವೆ. ಗಾಡಿ ಈ ಹಳಿಗೋ ಆ ಹಳಿಗೋ ಎಂಬುದನ್ನು ತೀರ್ಮಾನಿಸುವುದು ಅವೇ. ಪಾಯಿಂಟು ಒಂದು ಕಡೆ ತಿರುಗಿದ್ದು, ಸಿಗ್ನಲ್ಲು ಇನ್ನೊಂದು ಕಡೆಗೆ ಹಸಿರು ತೋರಿಸಿದರೆ ಅನರ್ಥ. ಇವೆರಡೂ ಎಂದೆಂದಿಗೂ ಜಗಳವಾಡದಂತೆ ಒಂದಕ್ಕೊಂದನ್ನು ಕಟ್ಟಿಹಾಕುವ ಏರ್ಪಾಟಿಗೆ ಇಂಟರ್‌ಲಾಕಿಂಗ್ ಎಂದು ಹೆಸರು. ಹಿಂದೆ ಆ ಕಟ್ಟು ಉಕ್ಕಿನದು. ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತ ಲಿವರುಗಳಲ್ಲಿ ಒಂದನ್ನು ಎಳೆದರೆ, ಅದಕ್ಕೆ ವಿರೋಧವಾದ ಇನ್ನೊಂದು ಕೆಳಗಿನ ಸಲಾಕೆಗೆ ಸಿಕ್ಕಿಕೊಂಡು ಅಲ್ಲಾಡದೆ ನಿಲ್ಲುತ್ತಿತ್ತು. ಕೈಮರದ ತಂತಿ ಅಕಸ್ಮಾತ್ ಹರಿದರೆ ಅದರ ತೋಳು ತಾನಾಗಿಯೇ ‘ನಿಲ್ಲು’ ಎಂಬ ಸ್ಥಿತಿಗೆ ಬರುತ್ತಿತ್ತು. ಕೆಟ್ಟರೂ ಕೇಡು ಮಾಡದಂತೆ ಕೆಡಬೇಕೆಂಬುದು ರೈಲ್ವೆಯ ಮೊದಲನೆಯ ಧರ್ಮಸೂತ್ರ. ಉಕ್ಕಿನ ಬಳಿಕ ವಿದ್ಯುತ್ ರಿಲೇಗಳು ಬಂದುವು; ರಿಲೇಗಳ ಬಳಿಕ ಕಂಪ್ಯೂಟರು ಬಂದಿತು. 1978ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿಯೂ 1985ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿಯೂ ಈ ಹೊಣೆಯನ್ನು ಕಂಪ್ಯೂಟರುಗಳು ವಹಿಸಿಕೊಂಡುವು. ಭಾರತದಲ್ಲಿ 2023ರ ಮೇ ತಿಂಗಳ ಕೊನೆಗೆ 6,427 ನಿಲ್ದಾಣಗಳಲ್ಲಿ, ಲಿವರುಗಳನ್ನು ಬಿಟ್ಟು, ವಿದ್ಯುತ್ತಿನ ಅಥವಾ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ನೆಲೆಗೊಂಡಿತ್ತು.

ಕಂಪ್ಯೂಟರನ್ನು ನಂಬುವುದಾದರೂ ಹೇಗೆ? ಮನೆಯ ಕಂಪ್ಯೂಟರು ಕಾರಣವಿಲ್ಲದೆ ಸ್ತಬ್ಧವಾಗಿ ನಿಂತುಬಿಡುವುದನ್ನು ಎಲ್ಲರೂ ಕಂಡವರೇ. ಆದುದರಿಂದ ರೈಲ್ವೆಯವರು ಅನೇಕ ಕಡೆಗಳಲ್ಲಿ ಒಂದರ ಬದಲು ಮೂರನ್ನು ಕೂರಿಸುತ್ತಾರೆ. ಮೂರೂ ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡುತ್ತವೆ. ಎರಡರ ಉತ್ತರವಾದರೂ ಒಂದೇ ಆಗಿದ್ದರೆ ಮಾತ್ರ ಸಿಗ್ನಲ್ಲು ಹಸಿರಾಗಬಹುದು. ಒಂದು ಬೇರೆ ರಾಗ ತೆಗೆದರೆ ಅದನ್ನು ಹೊರಗಿಟ್ಟು ಉಳಿದೆರಡು ಕೆಲಸವನ್ನು ಮುಂದುವರಿಸುತ್ತವೆ. ಆ ಎರಡರಲ್ಲಿಯೂ ಭಿನ್ನಾಭಿಪ್ರಾಯ ಬಂದರೆ ಎಲ್ಲವೂ ಕೆಂಪು. ಮದುವೆಯ ಮಾತುಕತೆಗೆ ಕುಳಿತ ಮೂವರು ಹಿರಿಯರಲ್ಲಿ ಇಂಥ ಕಟ್ಟುಪಾಡಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಶಾಂತಿ ನೆಲೆಸುತ್ತಿತ್ತು!

ಇನ್ನು ಗಾಡಿಯೊಳಗಿನ ಪೆಟ್ಟಿಗೆಯ ಪಾಡು. ಮನೆಯ ಕಂಪ್ಯೂಟರಿಗೆ ಮೇಜಿದೆ, ಫ್ಯಾನಿದೆ, ಧೂಳು ಒರೆಸುವ ಕೈಯಿದೆ. ಎಂಜಿನಿನ ಕಂಪ್ಯೂಟರಿಗೆ ಇದಾವುದೂ ಇಲ್ಲ. ಬೇಸಗೆಯಲ್ಲಿ ರಾಯಚೂರಿನ ಬಿಸಿಲಿನಲ್ಲಿ ನಿಂತ ಉಕ್ಕಿನ ಕೋಣೆ ಒಲೆಯಂತಾಗುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಘಟ್ಟ ಇಳಿಯುವಾಗ ಗಾಳಿಯೇ ನೀರಾಗಿರುತ್ತದೆ. ಹಳಿಯ ಪ್ರತಿಯೊಂದು ಕುಲುಕೂ ಅದರ ಎಲುಬಿಗೆ ತಾಗುತ್ತದೆ. ಗಾಡಿಯ ಬ್ಯಾಟರಿಯ ವಿದ್ಯುತ್ತು ಹೆಸರಿಗೆ 110 ವೋಲ್ಟು. ಆದರೆ ಅದು 77ಕ್ಕೆ ಇಳಿದರೂ 137ಕ್ಕೆ ಏರಿದರೂ ಯಂತ್ರವು ತಾಳಿಕೊಳ್ಳಬೇಕೆಂದು ಇಎನ್ 50155 ಎಂಬ ಯೂರೋಪಿನ ಮಾನಕವು ವಿಧಿಸುತ್ತದೆ. ಅದರ ಕಠಿಣವಾದ ವರ್ಗಗಳಲ್ಲೊಂದರಲ್ಲಿ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿಂದ 70 ಡಿಗ್ರಿ ಸೆಲ್ಸಿಯಸ್ಸಿನ ಸೆಕೆಯವರೆಗೆ ಯಂತ್ರ ನಡೆಯಬೇಕು. ಇಂಥ ಪೆಟ್ಟಿಗೆಗಳಲ್ಲಿ ಆದಷ್ಟೂ ಫ್ಯಾನನ್ನು ಇಡುವುದಿಲ್ಲ, ಏಕೆಂದರೆ ಫ್ಯಾನು ಗಾಳಿಯ ಜೊತೆಗೆ ಧೂಳನ್ನೂ ಎಳೆಯುತ್ತದೆ. ತಿರುಗುವುದೆಲ್ಲ ಒಂದು ದಿನ ನಿಲ್ಲುತ್ತದೆ. ಒಳಗಿನ ಶಾಖವು ಲೋಹದ ಮೈಯ ಮೂಲಕವೇ ಹೊರಹೋಗಬೇಕು. ನೆನಪಿನ ಚಿಪ್ಪುಗಳನ್ನು ಕುಲುಕಿಗೆ ಸಡಿಲವಾಗದಂತೆ ಬೆಸುಗೆ ಹಾಕಿರುತ್ತಾರೆ. ತಂತಿಯ ತುದಿಗಳನ್ನು ತಿರುಪಿನಿಂದ ಬಿಗಿಯುತ್ತಾರೆ. ತೇವ ತಾಕದಂತೆ ಮೇಲೆ ತೆಳುವಾದ ಲೇಪವನ್ನು ಬಳಿಯುತ್ತಾರೆ.

ಈ ಪೆಟ್ಟಿಗೆಯ ನಿಜವಾದ ಜಾಣ್ಮೆ ಅದರ ಬಿಡಿಬಿಡಿಯಾದ ರಚನೆಯಲ್ಲಿದೆ. ಪುಸ್ತಕದ ಬೀರುವಿನಲ್ಲಿ ಪುಸ್ತಕಗಳನ್ನು ಜೋಡಿಸಿದಂತೆ ಅದರೊಳಗೆ ಕಾರ್ಡುಗಳನ್ನು ನಿಲ್ಲಿಸಿರುತ್ತಾರೆ. ಲೆಕ್ಕ ಮಾಡುವುದಕ್ಕೆ ಒಂದು ಕಾರ್ಡು, ವಿದ್ಯುತ್ತನ್ನು ಹದಗೊಳಿಸುವುದಕ್ಕೆ ಒಂದು, ಹೊರಗಿನ ಸಮಾಚಾರವನ್ನು ತರುವುದಕ್ಕೆ ಮತ್ತೊಂದು. ಬಹಳ ಬಳಕೆಯಲ್ಲಿರುವ ಅಳತೆ 100 ಮಿಲಿಮೀಟರು ಎತ್ತರ, 160 ಮಿಲಿಮೀಟರು ಉದ್ದ. ಹೆಚ್ಚುಕಡಿಮೆ ಒಂದು ಅಂಚೆ ಕಾರ್ಡಿನಷ್ಟು. ದಶಕಗಳಿಂದ ಈ ಅಳತೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಒಂದು ಕೆಟ್ಟರೆ ಅದೊಂದನ್ನೇ ಎಳೆದು ಬೇರೊಂದನ್ನು ತಳ್ಳಬಹುದು, ಪೆಟ್ಟಿಗೆಯನ್ನೆಲ್ಲ ಎಸೆಯಬೇಕಾಗಿಲ್ಲ.

ಇಷ್ಟು ಗಟ್ಟಿಯಾದ ಯಂತ್ರವನ್ನು ಬದಲಾಯಿಸುವುದಾದರೂ ಏಕೆಂದು ಕೇಳಬಹುದು. ಎಂಜಿನಿನ ಆಯುಸ್ಸು ಮೂವತ್ತೈದು ವರ್ಷದ ಆಸುಪಾಸು. ಅದರೊಳಗಿನ ಚಿಪ್ಪನ್ನು ಮಾಡುವ ಕಾರ್ಖಾನೆಯಾದರೋ ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಮಾದರಿಯನ್ನು ಕೈಬಿಟ್ಟಿರುತ್ತದೆ. ಅಜ್ಜನ ಕಾಲದ ಗಡಿಯಾರ ಇನ್ನೂ ನಡೆಯುತ್ತಿದ್ದು, ಅದರ ಕಮಾನು ಮಾತ್ರ ಯಾವ ಅಂಗಡಿಯಲ್ಲಿಯೂ ಸಿಗದಂತಹ ಸ್ಥಿತಿ. ಆದುದರಿಂದ ಒಂದು ಎಂಜಿನು ತನ್ನ ಜೀವಮಾನದಲ್ಲಿ ಎರಡು ಮೂರು ಸಲ ಮಿದುಳನ್ನು ಬದಲಾಯಿಸಿಕೊಳ್ಳಬೇಕಾಗುತ್ತದೆ. ಹಾಗೆ ಬದಲಾಯಿಸದೆ ಮುಂದೂಡಿದವರ ಕಥೆಯೂ ಉಂಟು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸುರಂಗ ರೈಲಿನಲ್ಲಿ 1998ರಲ್ಲಿ ಹೂಡಿದ ನಿಯಂತ್ರಣ ವ್ಯವಸ್ಥೆಗೆ ಪ್ರತಿದಿನ ಬೆಳಗ್ಗೆ ಐದೂಕಾಲು ಅಂಗುಲದ ಫ್ಲಾಪಿ ತಟ್ಟೆಗಳಿಂದ ಪಾಠ ಹೇಳಿಕೊಡಬೇಕಾಗಿತ್ತು. ಮಕ್ಕಳು ಫ್ಲಾಪಿಯನ್ನು ಚಿತ್ರದಲ್ಲಿ ಮಾತ್ರ ನೋಡುವ ಕಾಲ ಬಂದ ಮೇಲೆ, 2024ರ ಅಕ್ಟೋಬರಿನಲ್ಲಿ, ಅದನ್ನು ಬದಲಾಯಿಸುವುದಕ್ಕೆ 21 ಕೋಟಿ ಡಾಲರುಗಳಿಗೂ ಹೆಚ್ಚಿನ ಕರಾರಿಗೆ ಒಪ್ಪಿಗೆ ದೊರೆಯಿತು.

ಹಿರಿಯರ ಮೊಮ್ಮಗಳು ಊರಿನ ತಾಂತ್ರಿಕ ವಿದ್ಯಾಲಯದಲ್ಲಿಯೇ ಓದುತ್ತಿರುವ ಹುಡುಗಿ. ಅವಳಿಗೆ ಇದೆಲ್ಲ ಕರತಲಾಮಲಕ.

“ತಾತ, ಅಳತೆ ಒಂದೇ ಅಲ್ಲವೆ? ಹಳೇ ಕಾರ್ಡು ಎಳೆದು ಹೊಸದು ತಳ್ಳೋದಕ್ಕೆ ಹತ್ತು ನಿಮಿಷ ಸಾಕು. ಅದಕ್ಕೆ ಇಷ್ಟೊಂದು ಸಂಭ್ರಮ ಏತಕ್ಕೆ?”

“ಹೊಸ ಕಾರ್ಡು ಹಳೆಯದಕ್ಕಿಂತ ಚುರುಕೋ, ಮಂದವೋ, ಪುಟ್ಟಿ?”

“ಚುರುಕೇ. ಹತ್ತು ಪಾಲು ಚುರುಕು.”

“ಅಲ್ಲೇ ಇರೋದು ತೊಂದರೆ. ಪಕ್ಕದ ಹಳೇ ಕಾರ್ಡು ಪ್ರಶ್ನೆ ಕೇಳಿ ಉಸಿರು ತೆಗೆದುಕೊಳ್ಳುವುದಕ್ಕೆ ಮುಂಚೆಯೇ ಇದು ಉತ್ತರ ಹೇಳಿಬಿಟ್ಟರೆ, ಆ ಉತ್ತರ ಅದರ ಕಿವಿಗೆ ಬೀಳುತ್ತದೆಯೆ?”

ಹುಡುಗಿ ಒಂದು ಗಳಿಗೆ ಸುಮ್ಮನಾದಳು. ಅವಳು ಓದಿದ ಪುಸ್ತಕದಲ್ಲಿಯೂ ಈ ವಿಷಯವಿತ್ತು. ಆದರೆ ಅದು ಕೊನೆಯ ಅಧ್ಯಾಯದಲ್ಲಿತ್ತು. ಹಿರಿಯರಿಗೆ ಅದೇ ಮೊದಲನೆಯ ಅಧ್ಯಾಯ. ಹೊಸ ಕಾರ್ಡು ಒಳ್ಳೆಯದೇ ಆಗಿರಬಹುದು, ಪೆಟ್ಟಿಗೆಯೂ ಒಳ್ಳೆಯದೇ ಆಗಿರಬಹುದು. ಎರಡೂ ಸೇರಿದಾಗ ಒಳ್ಳೆಯದಾಗುವುದೇ ಎಂಬುದನ್ನು ಮಾತ್ರ ಪರೀಕ್ಷೆಯಿಂದಲ್ಲದೆ ಬೇರೆ ದಾರಿಯಿಂದ ತಿಳಿಯುವಂತಿಲ್ಲ. ಆದುದರಿಂದ ಬಲ್ಲವರು ಹೊಸ ಯಂತ್ರವನ್ನು ಮೊದಲು ಹಳೆಯದರ ನೆರಳಿನಂತೆ ನಡೆಸಿ ನೋಡುತ್ತಾರೆ. ಹಳೆಯದಕ್ಕೆ ಬರುವ ಸಮಾಚಾರವೆಲ್ಲ ಹೊಸದಕ್ಕೂ ಬರುತ್ತದೆ. ಅದೂ ಲೆಕ್ಕ ಮಾಡುತ್ತದೆ. ಆದರೆ ಅದರ ಮಾತನ್ನು ಯಾರೂ ನಡೆಸುವುದಿಲ್ಲ. ಮನೆಗೆ ಹೊಸದಾಗಿ ಬಂದ ಸೊಸೆಯ ಕೈಗೆ ಅಡಿಗೆಮನೆಯ ಬೀಗದ ಕೈ ಕೊಡುವುದಕ್ಕೆ ಮುಂಚೆ ಹಿಂದಿನ ಕಾಲದ ಅತ್ತೆ ಕಾಯುತ್ತಿದ್ದಂತೆ!

ನಿಲ್ದಾಣದಲ್ಲಿ ಹಳೆಯದರಿಂದ ಹೊಸದಕ್ಕೆ ದಾಟುವ ದಿನಗಳಿಗೇ ‘ನಾನ್ ಇಂಟರ್‌ಲಾಕಿಂಗ್’ ಎಂದು ಹೆಸರು. ಹಳೆಯ ಕಟ್ಟು ಬಿಚ್ಚಿದೆ. ಹೊಸ ಕಟ್ಟು ಇನ್ನೂ ಬಿಗಿದಿಲ್ಲ. ಆ ನಡುಗಾಲದಲ್ಲಿ ಯಂತ್ರದ ಕಾವಲಿಲ್ಲ, ಮನುಷ್ಯರೇ ಕಾವಲು. ಪಾಯಿಂಟುಗಳನ್ನು ಕೈಯಿಂದ ತಿರುಗಿಸಿ, ಹಿಡಿಕೆ ಬಿಗಿದು, ಬೀಗ ಹಾಕಿ, ನಿಧಾನವಾಗಿ ಒಂದೊಂದೇ ಗಾಡಿಯನ್ನು ದಾಟಿಸುತ್ತಾರೆ. ಕೆಲವು ಗಾಡಿಗಳನ್ನು ರದ್ದು ಮಾಡುವುದು ಆ ಕಾರಣಕ್ಕೆ. ಚೀಟಿ ಕಳೆದುಕೊಂಡವರಿಗೆ ಇದು ಇಲಾಖೆಯ ಸೋಮಾರಿತನವೆಂದು ತೋರಿದರೂ, ನಿಜವಾಗಿ ಅದು ಇಲಾಖೆಯ ಎಚ್ಚರ.

ಆ ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನು ಲೋಕವು ದುಬಾರಿಯ ಬೆಲೆ ತೆತ್ತು ಕಲಿತಿದೆ. 1988ರಲ್ಲಿ ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ನಿನ ಬಳಿ ಹಳೆಯ ಸಿಗ್ನಲ್ಲುಗಳನ್ನು ತೆಗೆದು ಹೊಸವನ್ನು ಹೂಡುತ್ತಿದ್ದರು. ಹೊಸ ತಂತಿಯನ್ನು ಜೋಡಿಸಿದ ಕೆಲಸಗಾರ ಹಳೆಯ ತಂತಿಯ ಒಂದು ತುದಿಯನ್ನು ಕಳಚಲಿಲ್ಲ. ಇನ್ನೊಂದು ಬರಿಯ ತುದಿಯನ್ನು ಕತ್ತರಿಸಿ ಹಿಂದಕ್ಕೆ ಮಡಿಸಲೂ ಇಲ್ಲ. ಎರಡು ವಾರದ ಮೇಲೆ ಪಕ್ಕದಲ್ಲಿ ಬೇರೊಂದು ಕೆಲಸ ನಡೆದಾಗ ಆ ತಂತಿ ಸರಿದು ತನ್ನ ಹಳೆಯ ಜಾಗವನ್ನು ಮುಟ್ಟಿತು. ಡಿಸೆಂಬರ್ 12ರ ಬೆಳಗ್ಗೆ ಕೆಂಪಾಗಬೇಕಾಗಿದ್ದ ಸಿಗ್ನಲ್ಲು ಕೆಂಪಾಗಲಿಲ್ಲ. ಗಾಡಿಗಳು ಡಿಕ್ಕಿ ಹೊಡೆದು 35 ಜನ ಪ್ರಾಣ ಬಿಟ್ಟರು. ವಿಚಾರಣೆ ನಡೆದಾಗ, ಆ ಕೆಲಸಗಾರನಿಗೆ ಹಿಂದಿನ ಹದಿಮೂರು ವಾರಗಳಲ್ಲಿ ಒಂದೇ ಒಂದು ದಿನ ಬಿಡುವು ದೊರೆತಿತ್ತೆಂಬುದು ಹೊರಬಿದ್ದಿತು. ಅವನ ಕೆಲಸವನ್ನು ಇನ್ನೊಬ್ಬರು ತಂತಿ ತಂತಿಯಾಗಿ ಎಣಿಸಿ ನೋಡಿರಲಿಲ್ಲ. ಹೊಸ ತಂತಿಯಲ್ಲಿ ದೋಷವಿರಲಿಲ್ಲ. ಹಳೆಯದು ಪೂರ್ತಿಯಾಗಿ ಹೋಗಿರಲಿಲ್ಲ, ಅಷ್ಟೇ.

ಇಂಗ್ಲೆಂಡಿನವರೆಗೆ ಹೋಗಬೇಕಾದುದೂ ಇಲ್ಲ. 2023ರ ಫೆಬ್ರವರಿ 8ರಂದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರಸ್ತೆ ನಿಲ್ದಾಣದಲ್ಲಿ, ದೆಹಲಿಯ ಕಡೆಗೆ ಹೊರಟಿದ್ದ ಸಂಪರ್ಕಕ್ರಾಂತಿ ಗಾಡಿಗೆ ಅನುಮತಿ ದೊರೆತದ್ದು ಒಂದು ದಾರಿಗೆ, ಪಾಯಿಂಟು ತಿರುಗಿದ್ದುದು ಇನ್ನೊಂದು ದಾರಿಗೆ. ಲೋಕೋ ಪೈಲಟ್ಟರು ಹಳಿಯ ಮೇಲೆ ಕಣ್ಣಿಟ್ಟಿದ್ದು ಗಾಡಿಯನ್ನು ನಿಲ್ಲಿಸಿದುದರಿಂದ ನೂರಾರು ಸಂಸಾರಗಳು ಉಳಿದುವು. ಮರುದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಸಿಗ್ನಲ್ ವ್ಯವಸ್ಥೆಯ ಈ ಲೋಪವನ್ನು ಕುರಿತು ಎಚ್ಚರಿಕೆಯ ಪತ್ರ ಬರೆದರು. ನಾಲ್ಕು ತಿಂಗಳು ತುಂಬುವಷ್ಟರಲ್ಲಿ, ಜೂನ್ 2ರ ಸಂಜೆ, ಒಡಿಶಾದ ಬಹನಾಗಾ ಬಜಾರಿನಲ್ಲಿ ಕೋರಮಂಡಲ್ ಗಾಡಿ ಹಸಿರು ಸಿಗ್ನಲ್ಲನ್ನು ನೆಚ್ಚಿ ಮುನ್ನುಗ್ಗಿ, ಪಕ್ಕದ ಹಳಿಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯ ಕೊನೆಯ ಬೋಗಿಗಳೂ ಆ ಅನಾಹುತಕ್ಕೆ ಸಿಕ್ಕಿದುವು. ಮಡಿದವರು 290ಕ್ಕೂ ಹೆಚ್ಚು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಿಂದ ತಿಳಿದುಬಂದುದು ಇದು: ಸಿಗ್ನಲ್ಲಿನ ತಂತಿಗಳಲ್ಲಿ ಹಿಂದೊಮ್ಮೆ ಮಾಡಿದ್ದ ಮಾರ್ಪಾಟಿನಲ್ಲಿಯೂ, ಲೆವೆಲ್ ಕ್ರಾಸಿಂಗಿನ ಗೇಟನ್ನು ಬದಲಾಯಿಸುವುದಕ್ಕೆಂದು ಆಗ ಕೈಗೊಂಡಿದ್ದ ಕೆಲಸದಲ್ಲಿಯೂ ಲೋಪವಿತ್ತು. ಮೂರು ಮೂರು ಸಲ ಲೆಕ್ಕ ಮಾಡುವ ಕಂಪ್ಯೂಟರು ಏನು ತಾನೆ ಮಾಡೀತು? ಹೊರಗಿನಿಂದ ಬಂದ ತಂತಿಯೇ ಸುಳ್ಳು ಹೇಳಿದರೆ, ಅದು ಸುಳ್ಳನ್ನೇ ಮೂರು ಸಲ ಸರಿಯಾಗಿ ಲೆಕ್ಕ ಹಾಕುತ್ತದೆ.

ಆದುದರಿಂದಲೇ ಸಿಗ್ನಲ್ ಇಲಾಖೆಯಲ್ಲಿ ಒಂದು ಹಳೆಯ ಪದ್ಧತಿ. ಯಾವುದನ್ನಾದರೂ ಬಿಚ್ಚುವ ಮೊದಲು ಕೆಲಸಗಾರನು ಸ್ಟೇಷನ್ ಮಾಸ್ತರರಿಗೆ ಡಿಸ್‌ಕನೆಕ್ಷನ್ ಮೆಮೊ ಕೊಡಬೇಕು. ಕೆಲಸ ಮುಗಿದು, ಪರೀಕ್ಷೆಯೂ ಮುಗಿದ ಮೇಲೆ ರಿಕನೆಕ್ಷನ್ ಮೆಮೊ ಕೊಡಬೇಕು. ಆ ಎರಡು ಚೀಟಿಗಳ ನಡುವಣ ಹೊತ್ತಿನಲ್ಲಿ ಆ ಸಿಗ್ನಲ್ಲನ್ನು ಯಾರೂ ನಂಬಬಾರದು. ಹಿರಿಯರಿಗೆ ಈ ಅಭ್ಯಾಸ ನಿವೃತ್ತಿಯ ಬಳಿಕವೂ ಬಿಟ್ಟುಹೋಗಿಲ್ಲ. ಮನೆಯಲ್ಲಿ ಗ್ಯಾಸಿನ ಸಿಲಿಂಡರು ಬದಲಾಯಿಸಿದ ದಿನ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವುದೇ ಎಂದು ಮೂರು ಸಲ ಬಗ್ಗಿ ನೋಡುತ್ತಾರೆ. ಒಲೆಯ ಮೇಲೆ ಕಾಫಿಗೆ ನೀರಿಟ್ಟುಕೊಂಡು ಕಾದು ನಿಂತ ಗೃಹಿಣಿ, “ಏನೂಂದ್ರೆ, ಮೆಮೊ ಬರೆದದ್ದಾಯಿತೆ? ಕಡ್ಡಿ ಗೀರಬಹುದೆ?” ಎಂದು ಕೇಳುತ್ತಾರೆ. ಕಾಫಿ ಐದು ನಿಮಿಷ ತಡವಾಗುತ್ತದೆ. ಐದು ನಿಮಿಷ ತಡವಾದ ಕಾಫಿಯಿಂದ ಯಾರಿಗೂ ಹಾನಿಯಾದುದಿಲ್ಲ.

ಇನ್ನು ಮುಂದಿನ ವರ್ಷಗಳಲ್ಲಿ ಇಂಥ ಬದಲಾವಣೆಗಳು ಹೆಚ್ಚುವುವೇ ಹೊರತು ಕಡಿಮೆಯಾಗಲಾರವು. ದೇಶದಲ್ಲಿಯೇ ರೂಪುಗೊಂಡ ‘ಕವಚ’ವೆಂಬ ರಕ್ಷಣಾ ವ್ಯವಸ್ಥೆಯನ್ನು 2020ರಲ್ಲಿ ರಾಷ್ಟ್ರದ ಮಾನ್ಯ ವ್ಯವಸ್ಥೆಯಾಗಿ ಸ್ವೀಕರಿಸಿದರು. ಹಳಿಯ ಸ್ಲೀಪರುಗಳಿಗೆ ಅಂಟಿಸಿದ ಗುರುತಿನ ಬಿಲ್ಲೆಗಳನ್ನು ಎಂಜಿನು ಓದುತ್ತದೆ. ನಿಲ್ದಾಣದೊಡನೆ ರೇಡಿಯೋ ಮೂಲಕ ಮಾತನಾಡುತ್ತದೆ. ಲೋಕೋ ಪೈಲಟ್ಟರು ಕೆಂಪನ್ನು ಗಮನಿಸದೆ ಹೋದರೆ ತಾನೇ ಬ್ರೇಕು ಹಾಕುತ್ತದೆ. ದಕ್ಷಿಣ ಮಧ್ಯ ರೈಲ್ವೆಯಲ್ಲಿ ಅದನ್ನು ಮೊದಲು ಹರಡಿದ 1,465 ಕಿಲೋಮೀಟರಿನಲ್ಲಿ ಬೀದರಿನ ದಾರಿಯೂ ಸೇರಿದೆ. ಆ ಅನುಭವದಿಂದ ತಿದ್ದಿ ಬರೆದ ನಾಲ್ಕನೆಯ ಆವೃತ್ತಿಗೆ 2024ರ ಜುಲೈ 16ರಂದು ಒಪ್ಪಿಗೆ ದೊರೆಯಿತು. ಒಂದು ವರ್ಷದ ಮೇಲೆ, 2025ರ ಜುಲೈಯಲ್ಲಿ, ಮಥುರಾ ಕೋಟಾಗಳ ನಡುವೆ ಅದು ಕೆಲಸಕ್ಕೆ ನಿಂತಿತು. ಮೊದಲು ಹೂಡಿದ ಹಳೆಯ ಆವೃತ್ತಿಯ ಪೆಟ್ಟಿಗೆಗಳಾದರೂ ಇನ್ನೂ ಚಿಕ್ಕ ವಯಸ್ಸಿನವು. ಅವುಗಳಿಗೂ ಹೊಸ ಪಾಠದ ಸರದಿ ಬಂದೇ ಬರುತ್ತದೆ. ಕವಚವನ್ನು ತೊಡುವುದಕ್ಕಿಂತ, ಯುದ್ಧಭೂಮಿಯಲ್ಲಿ ನಿಂತುಕೊಂಡೇ ಕವಚವನ್ನು ಬದಲಾಯಿಸುವುದು ಕಷ್ಟ.

ಮೊಮ್ಮಗಳಂಥ ಹುಡುಗಿಯರೇ ನಾಳೆ ಆ ಕಾರ್ಡುಗಳನ್ನು ರೂಪಿಸುವವರು. ಅವರ ಕೈಯಲ್ಲಿ ಅವು ಇನ್ನೂ ಚಿಕ್ಕದಾಗಲಿ, ಇನ್ನೂ ಚುರುಕಾಗಲಿ. ಬದಲಾಯಿಸುವ ಹತ್ತು ನಿಮಿಷ ಐದಾಗಲಿ, ಎರಡಾಗಲಿ, ಸಂತೋಷವೇ. ಪರೀಕ್ಷೆಯ ಹೊತ್ತನ್ನು ಮಾತ್ರ ಯಾರೂ ಕದಿಯದಿರಲಿ. ರಾತ್ರಿ ಎರಡು ಗಂಟೆಗೆ ರಿಲೇ ಕೊಠಡಿಯಲ್ಲಿ ಟಾರ್ಚು ಹಿಡಿದು ತಂತಿಗಳನ್ನು ಎಣಿಸುತ್ತಿರುವವನಿಗೆ ವಾರದ ಬಿಡುವು ತಪ್ಪದಿರಲಿ. ಅವನ ಬೆನ್ನ ಹಿಂದೆ ನಿಂತು “ಇನ್ನೆಷ್ಟು ಹೊತ್ತು?” ಎಂದು ಕೇಳುವವರು ಮೇಲಧಿಕಾರಿಗಳು ಮಾತ್ರವೇ ಅಲ್ಲ, ಗಾಡಿ ಹತ್ತು ನಿಮಿಷ ನಿಂತರೆ ಕಿಟಕಿಯಿಂದ ಕತ್ತು ಚಾಚಿ ಶಪಿಸುವ ಪ್ರಯಾಣಿಕರೆಲ್ಲರೂ ಆ ಅವಸರದಲ್ಲಿ ಪಾಲುದಾರರು. ಮುಂದಿನ ಸಲ ಪತ್ರಿಕೆಯಲ್ಲಿ ಆ ಬಾಯಲ್ಲಿ ಹೊರಳದ ಹೆಸರು ಕಂಡಾಗ, ಮಗಳ ಮನೆಗೆ ಎರಡು ದಿನ ತಡವಾಗಿ ಹೋದರೂ ಅಡ್ಡಿಯಿಲ್ಲ. ಹೋಗಿ ಸೇರುವುದು ಮುಖ್ಯ.